ಮೋಡೆಮ್ ಮೌನವಾದಾಗ: ಪರೀಕ್ಷಿಸುವ ಕ್ರಮ



ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ತೋಟದಲ್ಲಿ ಉದುರಿದ ಕಾಯಿಗಳ ಲೆಕ್ಕದಿಂದಲ್ಲ, ಗ್ರಾಮ ಪಂಚಾಯಿತಿಯ ಮಳೆಮಾಪಕ ಕಳಿಸಿದ ಅಂಕಿಯಿಂದ ಎಂಬುದು ತಮಗೆಲ್ಲ ತಿಳಿದದ್ದೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಲ್ಲಿ ಇಂಥ 6,000ಕ್ಕೂ ಹೆಚ್ಚು ಮಾಪಕಗಳನ್ನು ನೆಟ್ಟಿದೆ. 15 ನಿಮಿಷಕ್ಕೊಮ್ಮೆ ಮಳೆಯ ಪ್ರಮಾಣವನ್ನು ಮೊಬೈಲ್ ಜಾಲದ ಮೂಲಕ ಕೇಂದ್ರಕ್ಕೆ ಕಳಿಸುವಂತೆ ಅವುಗಳ ರಚನೆಯಿದೆ. ಈ ಕಳಿಸುವ ಕೆಲಸ ಪೆಟ್ಟಿಗೆಯೊಳಗಿನ ಪುಟ್ಟ ಮೋಡೆಮಿನದು. ಅದು ಮಾತು ನಿಲ್ಲಿಸಿದರೆ, ಸುರಿದ ಮಳೆಗೆ ಸಾಕ್ಷಿ ಹೇಳುವವರಿಲ್ಲ.

ಇಂಥದೇ ಮೋಡೆಮ್ ನಮ್ಮ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿನಲ್ಲೂ, ಕೆಲವು ಸದಸ್ಯರು ತೋಟದಲ್ಲಿ ಇಟ್ಟುಕೊಂಡಿರುವ ಹವಾಮಾನ ಪೆಟ್ಟಿಗೆಯಲ್ಲೂ ಇದೆ. ಅದು ಕೆಟ್ಟಾಗ "ಸಿಗ್ನಲ್ ಇಲ್ಲ" ಎಂದು ಸಿಮ್ ಬದಲಾಯಿಸುವುದು ವಾಡಿಕೆ. ಆದರೆ ಎಲ್ಲ ದೋಷವೂ ಸಿಗ್ನಲಿನದಲ್ಲ. ದೋಷ ಹುಡುಕಲು ಒಂದು ಕ್ರಮವಿದೆ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ರಾಯಚೂರು ಜಿಲ್ಲೆಗೆ ನಾವು ಕೆಲವು ಸದಸ್ಯರೊಂದಿಗೆ ಹೋಗಿದ್ದಾಗ, ಅಲ್ಲಿಯ ಭತ್ತ, ಹತ್ತಿ ಬೆಳೆಗಾರರು ದೂರದ ಪಂಪ್‌ಸೆಟ್ಟುಗಳನ್ನು ಮನೆಯಿಂದಲೇ ನಡೆಸುವುದನ್ನು ನೋಡಿದೆವು. ಅಲ್ಲಿ ಕಂಡ ಮೂರು ಉದಾಹರಣೆಗಳಿಂದ ಈ ಕ್ರಮವನ್ನು ವಿವರಿಸುತ್ತೇವೆ.

1. ವಿದ್ಯುತ್ (ದೇವದುರ್ಗ)

ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ಪಂಪ್ ಒಂದು ಕಡೆ, ಮನೆ ಇನ್ನೊಂದು ಕಡೆ. ಅಲ್ಲಿ ಒಬ್ಬ ರೈತರ ಮೋಡೆಮ್ ದೀಪ ಹೊತ್ತಿಸಿ ಜಾಲವನ್ನು ಹಿಡಿಯುತ್ತಿತ್ತು. ಸಂದೇಶ ಕಳಿಸುವ ಹೊತ್ತಿಗೆ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕಾರಣ ಹಳೆಯ ಬ್ಯಾಟರಿ. 2ಜಿ ಮೋಡೆಮ್ ಸುಮ್ಮನಿರುವಾಗ ಅತ್ಯಲ್ಪ ವಿದ್ಯುತ್ ಬಳಸಿದರೂ, ಕಳಿಸುವ ಕ್ಷಣಗಳಲ್ಲಿ ಅದರ ಘಟಕ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಬ್ಯಾಟರಿ ಮೀಟರಿನಲ್ಲಿ 12 ವೋಲ್ಟ್ ತೋರಿಸಿದರೂ ಆ ಎಳೆತಕ್ಕೆ ಕುಸಿಯುತ್ತದೆ. ಕುಸಿತ ಕ್ಷಣಿಕವಾದ್ದರಿಂದ ಸಾಮಾನ್ಯ ಮೀಟರಿಗೆ ಸಿಗುವುದಿಲ್ಲ. ಒಳ್ಳೆಯ ಬ್ಯಾಟರಿಯೊಂದನ್ನು ಜೋಡಿಸಿ ನೋಡುವುದೇ ಸುಲಭವಾದ ಪರೀಕ್ಷೆ.

ಅಲ್ಲಿ ಸೌರಫಲಕದ ಮೇಲೆ ಕೂರುವುದು ಧೂಳು; ನಮ್ಮಲ್ಲಿ ಪಾಚಿ, ಎಲೆ ಮತ್ತು ಮರದ ನೆರಳು. ಆಷಾಢದ ಮೋಡ ಕವಿಯುವ ಮುನ್ನವೇ ಫಲಕವನ್ನು ಒರೆಸಿ, ಮೇಲೆ ಚಾಚಿದ ಕೊಂಬೆಯನ್ನು ಸವರಿಸತಕ್ಕದ್ದು.

2. ತಂತಿ ಮತ್ತು ವೇಗ (ಮಾನ್ವಿ)

ಯಂತ್ರ ಮತ್ತು ಮೋಡೆಮ್ ಸೀರಿಯಲ್ ತಂತಿಯಲ್ಲಿ ಒಂದರ ಹಿಂದೊಂದು ಸಂಕೇತವಾಗಿ ಮಾತಾಡುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿ ಕಡೆಯ ಒಂದು ಹೊಲದಲ್ಲಿ, ಸಿಗ್ನಲ್ ಚೆನ್ನಾಗಿರಲೆಂದು ಮೋಡೆಮನ್ನು ದೂರದ ಕಂಬಕ್ಕೆ ಏರಿಸಿ ಉದ್ದದ ತಂತಿ ಎಳೆದಿದ್ದರು. ಸಿಗ್ನಲ್ ಬಂತು, ಮಾತು ಕೆಟ್ಟಿತು. ಆರ್‌ಎಸ್-232 ಎಂಬ ಬಗೆಯ ತಂತಿಯನ್ನು ಸುಮಾರು 15 ಮೀಟರಿನೊಳಗೆ ಇಡುವುದು ಕ್ಷೇಮ. ಅದಕ್ಕಿಂತ ದೂರವಾದರೆ ಎರಡೂ ತುದಿಗೆ ಆರ್‌ಎಸ್-485 ಪರಿವರ್ತಕ ಹಾಕಬೇಕು.

ಜೋಡಿಸುವಾಗ ಒಂದರ ಕಳಿಸುವ ತಂತಿ ಇನ್ನೊಂದರ ಪಡೆಯುವ ತುದಿಗೆ ಸೇರಬೇಕು. ಗ್ರೌಂಡ್ ತಂತಿ ಎರಡಕ್ಕೂ ಒಂದೇ ಇರಬೇಕು. 3.3 ವೋಲ್ಟಿನ ಬೋರ್ಡನ್ನು ಆರ್‌ಎಸ್-232 ತಂತಿಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗಬಹುದು. ನಡುವೆ ಪರಿವರ್ತಕ ಬೇಕು.

ಆಮೇಲೆ ಲ್ಯಾಪ್‌ಟಾಪ್ ಜೋಡಿಸಿ ಇಂಗ್ಲಿಷಿನ ಎ, ಟಿ ಎಂಬ ಎರಡೇ ಅಕ್ಷರ ಟೈಪು ಮಾಡಿ ಎಂಟರ್ ಒತ್ತಿರಿ. "ಓಕೆ" ಎಂದು ಉತ್ತರ ಬಂದರೆ ತಂತಿ ಸರಿಯಿದೆ. ಅರ್ಥವಿಲ್ಲದ ಅಕ್ಷರಗಳು ಬಂದರೆ ಎರಡೂ ಕಡೆಯ ವೇಗ ಹೊಂದಿಲ್ಲವೆಂದು ತಿಳಿಯಿರಿ. ಏನೂ ಬಾರದಿದ್ದರೆ ತಂತಿ ಅದಲುಬದಲಾಗಿರಬಹುದು, ಅಥವಾ ಇಲ್ಲಿಯೂ ವೇಗದ್ದೇ ದೋಷವಿರಬಹುದು. ಹೆಚ್ಚಾಗಿ ಬಳಕೆಯಲ್ಲಿರುವ ಹೊಂದಿಕೆ ಹೀಗಿದೆ: ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಎಟಿ+ಐಪಿಆರ್=9600 ಎಂದು ವೇಗವನ್ನು ನಿಶ್ಚಯಿಸಿ, ಎಟಿ&ಡಬ್ಲ್ಯು ಎಂಬ ಆದೇಶದಿಂದ ಉಳಿಸಿರಿ. ಉಳಿಸದಿದ್ದರೆ ಕರೆಂಟು ಹೋಗಿ ಬಂದಾಗ ಹಳೆಯ ಹೊಂದಿಕೆಯೇ ಮರಳಬಹುದು.

3. ಸಿಮ್ ಮತ್ತು ಜಾಲ (ರಾಯಚೂರು ನಗರ)

ನಗರದಲ್ಲಿ ಗೋಪುರಗಳು ಹತ್ತಿರ. ಆದರೂ ಅಲ್ಲಿಯ ದುರಸ್ತಿ ಅಂಗಡಿಯ ಮೇಜಿನ ಮೇಲಿದ್ದ ಒಂದು ಮೋಡೆಮ್ ಜಾಲವನ್ನು ಸೇರುತ್ತಿರಲಿಲ್ಲ. ಮೋಡೆಮ್ 2ಜಿ, ಸಿಮ್ ಜಿಯೋದ್ದು. ಜಿಯೋಗೆ 2ಜಿ ಜಾಲವೇ ಇಲ್ಲದ್ದರಿಂದ ಎಷ್ಟು ಎತ್ತರದ ಆಂಟೆನಾ ಹಾಕಿದರೂ ಪ್ರಯೋಜನವಾಗದು. ಮೋಡೆಮ್ ಕೊಳ್ಳುವ ಮೊದಲು ತಮ್ಮ ತೋಟದಲ್ಲಿ ಯಾವ ಕಂಪನಿಯ ಯಾವ ಜಾಲ ಸಿಗುತ್ತದೆಂದು ನೋಡಿಕೊಳ್ಳುವುದು ಅಗತ್ಯ.

ಮೋಡೆಮಿಗೆ ಹಾಕಬೇಕಾದ ಪ್ರಶ್ನೆಗಳು ಮೂರು:

ಎಟಿ+ಸಿಪಿಐಎನ್? ಇದಕ್ಕೆ "ರೆಡಿ" ಎಂದರೆ ಸಿಮ್ ಸರಿಯಾಗಿ ಕೂತಿದೆ, ಪಿನ್ ಬೀಗ ಇಲ್ಲ.

ಎಟಿ+ಸಿಎಸ್‌ಕ್ಯು. ಇದು ಸಿಗ್ನಲಿನ ಬಲ, 0ರಿಂದ 31ರವರೆಗೆ. 10ಕ್ಕಿಂತ ಕಡಿಮೆಯಾದರೆ ನಂಬುವಂತಿಲ್ಲ. 15 ದಾಟಿದರೆ ಸಾಕು. 99 ಬಂದರೆ ಅಳೆಯಲು ಏನೂ ಸಿಗುತ್ತಿಲ್ಲವೆಂದು ಅರ್ಥ. ಆಗ ಆಂಟೆನಾದ ತಿರುಪನ್ನೂ ಅದರೊಳಗೆ ನೀರು ಇಳಿದಿದೆಯೇ ಎಂಬುದನ್ನೂ ನೋಡಿರಿ.

ಎಟಿ+ಸಿಆರ್‌ಇಜಿ? 4ಜಿ ಮೋಡೆಮಿಗೆ ಸಿಇಆರ್‌ಇಜಿ ಎಂದು ಕೇಳಬೇಕು. ಉತ್ತರದ ಎರಡನೆಯ ಅಂಕಿ 1 ಅಥವಾ 5 ಇದ್ದರೆ ಜಾಲ ಸೇರಿಸಿಕೊಂಡಿದೆ; 2 ಇದ್ದರೆ ಹುಡುಕುತ್ತಿದೆ; 3 ಇದ್ದರೆ ನಿರಾಕರಿಸಿದೆ. 3 ಬಂದಾಗ ಸಿಮ್ಮಿನ ಅವಧಿ ಮುಗಿದಿದೆಯೇ ಎಂದು ಕಂಪನಿಯಲ್ಲಿ ವಿಚಾರಿಸಿರಿ.

ಮೂರೂ ಸರಿಯಿದ್ದು ಅಂಕಿ ಮಾತ್ರ ಹೋಗದಿದ್ದರೆ, ಎಪಿಎನ್ ಎಂಬ ದಾರಿಯ ಹೆಸರು ತಪ್ಪಿರುವ ಸಂಭವ ಹೆಚ್ಚು. ಅದು ಕಂಪನಿಗೊಂದು ಬಗೆ. ಸಿಮ್ ಬದಲಿಸಿದಾಗ ಅದನ್ನೂ ಬದಲಿಸಬೇಕು. ಯಂತ್ರಗಳಿಗೆಂದೇ 2018ರಿಂದ ಬಂದಿರುವ 13 ಅಂಕಿಯ ಸಿಮ್ಮುಗಳಲ್ಲಿ ಕರೆ, ಸಂದೇಶಗಳಿಗೆ ನಿರ್ಬಂಧವಿರುತ್ತದೆ. ಸ್ಟಾರ್ಟರಿಗೆ ಹಾಕುವ ಮುನ್ನ ಕೇಳಿ ತಿಳಿಯಿರಿ.

ಪಂಚಾಯಿತಿಯ ಮಾಪಕದ ವಿಷಯ

ಮೇಲಿನದೆಲ್ಲ ನಮ್ಮ ಸ್ವಂತ ಯಂತ್ರಗಳಿಗೆ. ಪಂಚಾಯಿತಿಯ ಮಳೆಮಾಪಕವನ್ನು ಯಾರೂ ತೆರೆಯಕೂಡದು. ನಾವು ಕೈ ಹಾಕಿದ ಪೆಟ್ಟಿಗೆಯ ಅಂಕಿಗೆ ಮುಂದೆ ಬೆಲೆ ಉಳಿಯುವುದಿಲ್ಲ. ಆದರೆ ಬೇಲಿಯ ಹೊರಗೆ ನಿಂತು ಫಲಕಕ್ಕೆ ನೆರಳಿದೆಯೇ, ಆಂಟೆನಾ ವಾಲಿದೆಯೇ, ತಂತಿಯನ್ನು ಇಲಿ ಕಡಿದಿದೆಯೇ ಎಂದು ನೋಡಲು ಅಡ್ಡಿಯಿಲ್ಲ. ಕಂಡದ್ದನ್ನು ಅದೇ ದಿನ ತಾರೀಖು ಸಹಿತ ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಬರೆದುಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿರಿ.

ಸಾಮಾನ್ಯ ಕೈಮಾಪಕವೊಂದನ್ನು ತೋಟದ ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಪುಸ್ತಕದಲ್ಲಿ ಬರೆದಿಡಬೇಕೆಂದೂ ಕೋರುತ್ತೇವೆ. ಇದು ವಿಮೆಯ ಅಧಿಕೃತ ಅಂಕಿಯಾಗದು. ಆದರೆ ಮಾಪಕ ಯಾವ ದಿನದಿಂದ ಸುಮ್ಮನಾಯಿತು, ಆಗ ಮಳೆ ಎಷ್ಟಿತ್ತು ಎಂದು ಕೇಳುವಾಗ ನಮ್ಮ ಕೈ ಬರಿದಾಗಿರುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ದಿನ ಗೊತ್ತುಮಾಡಲೂ ಈ ಪುಸ್ತಕ ನೆರವಾದೀತು.

ಮಳೆ ಮುಗಿದ ಮೇಲೆ ಮಳೆಯನ್ನು ಅಳೆಯಲಾಗದು. ಆದ್ದರಿಂದ ಪ್ರತಿಯೊಂದು ಊರಿನಿಂದ ಇಬ್ಬರಾದರೂ ಸದಸ್ಯರು ಮುಂಗಾರಿಗೆ ಮೊದಲೇ ಈ ಪರೀಕ್ಷೆಗಳನ್ನು ಕಲಿತುಕೊಂಡು, ನೆರೆಯ ಬೆಳೆಗಾರರಿಗೂ ಹೇಳಿಕೊಡಬೇಕೆಂದು ವಿನಂತಿ.