ಕೆರೆ ಏರಿಯೂ ಒಂದು ಆಣೆಕಟ್ಟೇ

ಆಣೆಕಟ್ಟು ಅಂದ ಕೂಡಲೇ ನಮ್ಮ ವಿಜಯಪುರ ಜಿಲ್ಲೆಯವರಿಗೆ ಆಲಮಟ್ಟಿ ನೆನಪಾಗುತ್ತದೆ. ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಅದಕ್ಕೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಅದಕ್ಕೆ 26 ಗೇಟುಗಳು ಇವೆ. ಶಾಲೆಯ ಪ್ರವಾಸದಲ್ಲಿ ಹೋದವರು ಅಲ್ಲಿಯ ಉದ್ಯಾನ ಮತ್ತು ಕಾರಂಜಿಯನ್ನು ನೋಡಿರುತ್ತೀರಿ. ಅಲ್ಲಿ ಎಂಜಿನಿಯರರು, ಕಾವಲುಗಾರರು ಎಲ್ಲರೂ ಇರ್ತಾರ. ನೀರಿನ ಹತ್ತಿರ ಹೋದರೆ ಸೀಟಿ ಊದುತ್ತಾರೆ.

ಆದರೆ ನಾವು ವರ್ಷಪೂರ್ತಿ ಆಡುವುದು ಆಲಮಟ್ಟಿಯಲ್ಲಿ ಅಲ್ಲ, ನಮ್ಮ ಊರ ಕೆರೆ ಏರಿಯ ಮೇಲೆ. ಅಲ್ಲಿ ಸೀಟಿ ಊದುವವರು ಯಾರೂ ಇಲ್ಲ. ಅದನ್ನು ಆಣೆಕಟ್ಟು ಅಂತ ಯಾರೂ ಅನ್ನುವುದೂ ಇಲ್ಲ. ಹರಿಯುವ ನೀರಿಗೆ ಅಡ್ಡ ಕಟ್ಟಿ ನಿಲ್ಲಿಸಿದರೆ ಅದು ಆಣೆಕಟ್ಟೇ, ಕಲ್ಲಿನದಿರಲಿ ಮಣ್ಣಿನದಿರಲಿ, ಎಂದು ನಮ್ಮ ವಿಜ್ಞಾನದ ಗುರುಗಳು ಹೇಳಿದರು. ಅದಕ್ಕೆ ಈ ಲೇಖನ ಬರೆದೀನಿ.

ನಮ್ಮ ಕಡೆ ಇಂಥ ಏರಿಗಳು ಭಾಳ ಹಳೆಯವು. ಬಬಲೇಶ್ವರ ತಾಲೂಕಿನ ಮಮದಾಪುರದ ದೊಡ್ಡ ಕೆರೆಯನ್ನು ಮಹಮ್ಮದ ಆದಿಲ್‌ಶಾಹಿ 1633ರಲ್ಲಿ ಕಟ್ಟಿಸಿದನು. ಗೋಲಗುಮ್ಮಟದಲ್ಲಿ ಮಲಗಿದವನು ಅವನೇ. ವಿಜಯಪುರ ಶಹರದ ದಕ್ಷಿಣಕ್ಕೆ ಇರುವ ಬೇಗಂ ತಲಾಬ ಕೂಡ ಅವನದೇ, 1651ರದು. ಅದರ ವಿಸ್ತೀರ್ಣ 234 ಎಕರೆ. ಅಲ್ಲಿಂದ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಶಹರಕ್ಕೆ ನೀರು ಹೋಗುತ್ತಿತ್ತು. ಒತ್ತಡ ಹೆಚ್ಚಾಗಿ ಕೊಳವೆ ಒಡೆಯಬಾರದೆಂದು ದಾರಿಯಲ್ಲಿ ಗಂಜ್ ಎಂಬ ಎತ್ತರದ ಕಟ್ಟಡ ಕಟ್ಟಿದ್ದರು. ಅವು ಇಂದಿಗೂ ಶಹರದಲ್ಲಿ ನಿಂತಿವೆ. ಇನ್ನು ಭೂತನಾಳ ಕೆರೆ. ವಿಜಯಪುರಕ್ಕೆ ಎಷ್ಟೋ ವರ್ಷ ಕುಡಿಯುವ ನೀರು ಕೊಟ್ಟದ್ದು ಅದೇ. ಈಗ ಅಲ್ಲಿ ಮುಂಜಾನೆ ವಾಕಿಂಗ್ ಮಾಡುವವರು, ಸೈಕಲ್ ಹೊಡೆಯುವವರು, ಪಕ್ಷಿ ನೋಡುವವರು ಬರುತ್ತಾರೆ. ಹಳ್ಳಿಯವರಾದ ನಮಗೆ ವಾಕಿಂಗ್ ಬೇಕಾಗಿಲ್ಲ, ಶಾಲೆಗೆ ಬರುವುದೇ ವಾಕಿಂಗ್. ಆದರೆ ಬುತ್ತಿ ಕಟ್ಟಿಕೊಂಡು ಏರಿಗೆ ಹೋಗುವುದು ನಮಗೂ ಗೊತ್ತು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದು, ಎದುರಿಗೆ ನೀರು ಇದ್ದರೆ ಆಲಮಟ್ಟಿಯ ಉದ್ಯಾನ ಯಾಕೆ ಬೇಕು?

ಈಗ ಏರಿ ಹೇಗೆ ನಿಂತಿರುತ್ತದೆ ಎಂಬುದನ್ನು ನೋಡೋಣ. ಇದಕ್ಕೆ ಒಂದು ಪ್ರಯೋಗ ಮಾಡಿರಿ. ಖಾಲಿ ಎಣ್ಣೆ ಡಬ್ಬಿಗೆ ಮೊಳೆಯಿಂದ ಮೂರು ತೂತು ಹೊಡೆಯಿರಿ, ಒಂದು ಮೇಲೆ, ಒಂದು ನಡುವೆ, ಒಂದು ಕೆಳಗೆ. ಡಬ್ಬಿಯನ್ನು ಒಂದು ಕಲ್ಲಿನ ಮೇಲೆ ಇಟ್ಟು ನೀರು ತುಂಬಿರಿ. ಮೇಲಿನ ತೂತಿನ ನೀರು ಡಬ್ಬಿಯ ಬುಡಕ್ಕೇ ಬೀಳುತ್ತದೆ, ಕೆಳಗಿನ ತೂತಿನದು ಜೋರಾಗಿ ದೂರ ಚಿಮ್ಮುತ್ತದೆ. ಆಳ ಹೆಚ್ಚಾದಂತೆ ಒತ್ತಡ ಹೆಚ್ಚು ಎಂದು ಇದರಿಂದ ತಿಳಿಯುತ್ತದೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ನೀರು 1000 ಕಿಲೋ ತೂಗುತ್ತದೆ, ಅಂದರೆ ಜೋಳದ ಹತ್ತು ಕ್ವಿಂಟಲ್ ಚೀಲದಷ್ಟು. ಅದಕ್ಕೇ ಏರಿಯನ್ನು ಮೇಲೆ ಸಣ್ಣಗೆ, ಬುಡದಲ್ಲಿ ಅಗಲವಾಗಿ ಕಟ್ಟುತ್ತಾರೆ. ನಡುವೆ ಎರಿ ಮಣ್ಣು ಹಾಕುತ್ತಾರೆ, ಯಾಕಂದ್ರ ಅದರಲ್ಲಿ ನೀರು ಬೇಗ ಹಾಯುವುದಿಲ್ಲ. ಹೊರಗೆ ಗರಸು ಹಾಕುತ್ತಾರೆ. ನೀರಿನ ಕಡೆಗೆ ತೆರೆ ಬಡಿದು ಮಣ್ಣು ಕೊರೆಯಬಾರದೆಂದು ಕಲ್ಲು ಹೊಂದಿಸುತ್ತಾರೆ. ನಾವು ನೀರಿಗೆ ಒಗೆದು ಆಡುವುದು ಈ ಕಲ್ಲನ್ನೇ. ಇನ್ನು ಮೇಲೆ ಬೇರೆ ಕಲ್ಲು ಹುಡುಕಿರಿ.

ಮಣ್ಣಿನ ಏರಿ ಒಡೆಯುವುದು ಹೆಚ್ಚಾಗಿ ಎರಡು ದಾರಿಯಿಂದ. ಒಂದು, ನೀರು ಏರಿಯ ಮೇಲೆ ಹತ್ತಿ ಆ ಕಡೆ ಇಳಿಯುವುದು. ಕಲ್ಲಿನ ಗೋಡೆಯಾದರೆ ಸ್ವಲ್ಪ ತಡೆದೀತು. ಮಣ್ಣು ತಡೆಯುವುದಿಲ್ಲ, ಕೊಚ್ಚಿ ಹೋಗುತ್ತದೆ. ಹಾಗೆ ಆಗಬಾರದೆಂದೇ ಕೋಡಿ ಇಟ್ಟಿರುತ್ತಾರೆ. ಹೆಚ್ಚಾದ ನೀರು ಕೋಡಿಯಿಂದ ಹೊರಗೆ ಹೋಗಬೇಕು. ಆದರೆ ಕೆಲವರು ಇನ್ನೊಂದು ಗೇಣು ನೀರು ನಿಲ್ಲಲಿ ಅಂತ ಕೋಡಿಗೆ ಉಸುಕಿನ ಚೀಲ ಇಡ್ತಾರ. ಮೀನು ಹೋಗಬಾರದು ಅಂತ ಕೆಲವರು ಬಲೆ ಕಟ್ತಾರ. ಬಲೆಗೆ ಕಸ ಕಡ್ಡಿ ಸಿಕ್ಕಿ ಅದೂ ಗೋಡೆ ಆಗುತ್ತದೆ. ಗೇಣು ನೀರಿನ ಆಸೆಗೆ ಇಡೀ ಕೆರೆಯನ್ನೇ ಕಳೆದುಕೊಳ್ಳುವ ಲೆಕ್ಕ ಇದು.

ಎರಡನೆಯದು ಕಣ್ಣಿಗೆ ಕಾಣದ ದಾರಿ. ಏರಿಯೊಳಗೆ ಹೆಗ್ಗಣದ ಬಿಲ, ಒಣಗಿದ ಗಿಡದ ಬೇರು, ಬೇಸಿಗೆಯಲ್ಲಿ ಬಿಟ್ಟ ಬಿರುಕು, ಯಾವುದೋ ಒಂದರಲ್ಲಿ ನೀರು ಹಾದು ಮಣ್ಣಿನ ಕಣಗಳನ್ನು ಒಯ್ಯುತ್ತದೆ. ಸಣ್ಣ ತೂತು ದೊಡ್ಡದಾಗುತ್ತದೆ. ಏರಿಯ ಮೇಲೆ ಹುಲ್ಲು ಇದ್ದರೆ ಒಳ್ಳೆಯದು, ಅದು ಮಣ್ಣು ಹಿಡಿಯುತ್ತದೆ. ಬಳ್ಳಾರಿ ಜಾಲಿ ಬೆಳೆದರೆ ಕೆಟ್ಟದ್ದು. ಎಲ್ಲಾ ಏರಿಯೂ ಸ್ವಲ್ಪ ಜಿನುಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದದ್ದು ನೀರಿನ ಬಣ್ಣವನ್ನು. ತಿಳಿ ನೀರು ಬಂದರೆ ನೀರು ಮಾತ್ರ ಹೊರಗೆ ಬರುತ್ತಿದೆ. ರಾಡಿ ನೀರು ಬಂದರೆ ಏರಿಯೇ ಹೊರಗೆ ಬರುತ್ತಿದೆ.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಒಂದು ಸಣ್ಣ ಮಣ್ಣಿನ ಆಣೆಕಟ್ಟು ಇತ್ತು. 2019ರ ಜುಲೈ 2ರ ರಾತ್ರಿ ಜೋರು ಮಳೆಯಲ್ಲಿ ಅದು ಒಡೆದು ಕೆಳಗಿನ ಮನೆಗಳು ಕೊಚ್ಚಿ ಹೋದವು. ಇಪ್ಪತ್ತರಷ್ಟು ಜನ ಸತ್ತರು. ನೀರು ಸೋರುತ್ತಿದೆ ಎಂದು ಊರಿನವರು ಮೊದಲೇ ಹೇಳಿದ್ದರು. ಅಲ್ಲಿಯ ಮಂತ್ರಿಗಳೊಬ್ಬರು ಏಡಿಗಳು ತೂತು ಮಾಡಿದ್ದರಿಂದ ಒಡೆಯಿತು ಎಂದಾಗ ಜನ ಸಿಟ್ಟಾದರು. ಏಡಿ ತೂತು ಮಾಡುವುದು ಖರೆ ಇರಬಹುದು. ಆದರೆ ತೂತು ಮುಚ್ಚುವುದು ಏಡಿಯ ಕೆಲಸ ಅಲ್ಲವಲ್ಲ!

ದೊಡ್ಡ ಆಣೆಕಟ್ಟಿಗೂ ಕಷ್ಟ ತಪ್ಪಿದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ನದಿಯಲ್ಲಿ ಹೋಯಿತು. ಆದರೆ ಅಲ್ಲಿಗೆ ತಜ್ಞರು ಓಡಿ ಬಂದರು, ಸುಮಾರು ಒಂದು ವಾರದಲ್ಲಿ ಕಬ್ಬಿಣದ ಹಲಗೆ ಇಳಿಸಿ ನೀರು ನಿಲ್ಲಿಸಿದರು. 2021ರಲ್ಲಿ ನಮ್ಮ ದೇಶದಲ್ಲಿ ಆಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆ. ಅದು 15 ಮೀಟರಿಗಿಂತ ಎತ್ತರದ ಆಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರ್ ಇರುವವುಗಳಲ್ಲಿ ಕೆಲವಕ್ಕೆ. ನಮ್ಮ ಊರ ಏರಿ ಶಾಲೆಯ ಮಾಡಿಗಿಂತ ಸ್ವಲ್ಪ ಎತ್ತರ ಇದ್ದೀತು ಅಷ್ಟೇ. ಅದಕ್ಕೆ ಆ ಕಾಯ್ದೆ ಹತ್ತುವುದಿಲ್ಲ. ಹಾಗಾದರೆ ನಮ್ಮ ಏರಿಯನ್ನು ದಿನಾ ನೋಡುವವರು ಯಾರು? ಅದರ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುವವರು ಮತ್ತು ಆಟ ಆಡುವ ನಾವು.

ಈಗ ಒಂದು ಹೊಸ ಸಂಗತಿ ಆಗಿದೆ. ಮೊದಲು ಕೆರೆ ತುಂಬುವುದು ಮಳೆಯಿಂದ ಮಾತ್ರ. ನಮ್ಮ ಕಡೆ ಮಳೆ ಕಡಿಮೆ, ಕೆರೆ ಎಷ್ಟೋ ವರ್ಷ ಒಣಗಿಯೇ ಇರುತ್ತಿತ್ತು. ಈಗ ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳಿಗೆ ಕೃಷ್ಣಾ ನೀರು ಬಿಡುತ್ತಾರೆ. ಬಾವಿಗಳಲ್ಲಿ ನೀರು ಬಂತು, ದ್ರಾಕ್ಷಿ, ದಾಳಿಂಬೆ ತೋಟದವರಿಗೆ ಅನುಕೂಲ ಆಯಿತು. ಇದು ಭಾಳ ಒಳ್ಳೆಯದು. ಆದರೆ ಮುತ್ಯಾ ಹೇಳ್ತಾರ, "ಮೊದಲ ಮಾಡ ನೋಡಿ ಕೆರಿ ತುಂಬತದ ಅಂತಿದ್ವಿ, ಈಗ ಮಾಡ ಇಲ್ಲದ ತುಂಬತದ" ಅಂತ. ಬಿಸಿಲಿಗೆ ಬಿರುಕು ಬಿಟ್ಟ ಒಣ ಏರಿಗೆ ಒಮ್ಮೆಲೆ ನೀರು ಬಂದು ನಿಲ್ಲುತ್ತದೆ. ಆಗಲೇ ಏರಿಯನ್ನು ಸರಿಯಾಗಿ ನೋಡಬೇಕಾದದ್ದು. ನಾವು ಮಳೆ ಬಂದಾಗ ಮಾತ್ರ ನೋಡುತ್ತೇವೆ.

ಕೆರೆ ಒಣಗಿದಾಗ ಹೊಲಕ್ಕೆ ಹಾಕಲು ಹೂಳು ತೆಗೆದಿದ್ದಾರೆ, ಇಟ್ಟಂಗಿಗೂ ಮಣ್ಣು ಒಯ್ದಿದ್ದಾರೆ. ಅಲ್ಲಿ ಮನೆಯಷ್ಟು ಆಳದ ತಗ್ಗುಗಳಿವೆ. ಹೋದ ವರ್ಷ ಕ್ರಿಕೆಟ್ ಆಡಿದ ಜಾಗ ಅದು, ನಮಗೆ ಗೊತ್ತಿದ್ದದ್ದೇ ಅಂತ ಇಳಿಯಬೇಡಿರಿ. ಮೊಣಕಾಲ ನೀರಿನ ಮುಂದಿನ ಹೆಜ್ಜೆಗೇ ತಲೆ ಮುಳುಗುವಷ್ಟು ನೀರು ಇರುತ್ತದೆ. ಹೂಳಿನಲ್ಲಿ ಕಾಲು ಸಿಕ್ಕರೆ ಈಜು ಬಂದವರಿಗೂ ಕಷ್ಟ. ತೂಬಿನ ಹತ್ತಿರ ನೀರು ಒಳಗೆ ಎಳೆಯುತ್ತದೆ, ಆ ಕಡೆಗೆ ಹೋಗಲೇಬೇಡಿರಿ. ನಮ್ಮ ಅಪ್ಪ, ಕಾಕಾ ಎಲ್ಲಾ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ನಾವು ಹುಟ್ಟುವಷ್ಟರಲ್ಲಿ ಬಾವಿ ಬತ್ತಿ ಬೋರವೆಲ್ ಬಂದಿದ್ದವು. ಈಗ ನೀರು ಬಂದದೆ, ಈಜು ಬಂದಿಲ್ಲ. ಹುಡುಗರಿಗಾದರೂ ಯಾರಾದರೂ ಕಲಿಸಿಯಾರು, ಹುಡುಗಿಯರಿಗೆ ಯಾರೂ ಕಲಿಸುವುದಿಲ್ಲ. ಆದರೆ ಹಾಸಿಗೆ ಒಗೆಯಲು ಕೆರೆಗೆ ಇಳಿಯುವವರು ನಾವೇ. ಇದರ ಬಗ್ಗೆ ದೊಡ್ಡವರು ವಿಚಾರ ಮಾಡಬೇಕು ಎಂದು ನನಗೆ ಅನಿಸುತ್ತದೆ.

ಯಾರಾದರೂ ಮುಳುಗುತ್ತಿದ್ದರೆ ಈಜು ಬರದವರು ಜಿಗಿಯಬಾರದು. ಮುಳುಗುವವರು ಗಾಬರಿಯಲ್ಲಿ ನಮ್ಮನ್ನೇ ಹಿಡಿದು ಎಳೆಯುತ್ತಾರೆ. ದಂಡೆಯ ಮೇಲೆ ಮಲಗಿಕೊಂಡು ಸೀರೆ, ಧೋತರ, ಹಗ್ಗ ಏನಿದ್ದರೆ ಅದನ್ನು ಒಗೆಯಬೇಕು. ಬಾಯಿ ಮುಚ್ಚಿದ ಖಾಲಿ ಕ್ಯಾನ್ ಒಗೆದರೂ ನಡೆಯುತ್ತದೆ, ಅದನ್ನು ಅಪ್ಪಿಕೊಂಡರೆ ತೇಲುತ್ತಾರೆ. ಕೂಗಿ ದೊಡ್ಡವರನ್ನು ಕರೆಯಬೇಕು, 112ಕ್ಕೆ ಫೋನ್ ಹಚ್ಚಬೇಕು. ಹೊರಗೆ ತೆಗೆದ ಮೇಲೆ ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ಮಾಡಬಾರದು. ಉಸಿರು ಇಲ್ಲದಿದ್ದರೆ ತಡಮಾಡದೆ ಬಾಯಿಗೆ ಬಾಯಿ ಇಟ್ಟು ಉಸಿರು ಊದಬೇಕು, ಎದೆ ಒತ್ತಬೇಕು. ಇದನ್ನು ಆರೋಗ್ಯ ಇಲಾಖೆಯ ಅಕ್ಕೋರು ಶಾಲೆಗೆ ಬಂದಾಗ ಕೇಳಿ ಕಲಿಯಿರಿ, ಓದಿದರೆ ಬರುವುದಿಲ್ಲ.

ನಮ್ಮ ಏರಿಯ ಹಿಂದೆ, ಬೇವಿನ ಗಿಡದ ಕೆಳಗೆ, ಒಂದು ಹಸಿ ಜಾಗ ಇದೆ. ಸುತ್ತಲಿನ ಹುಲ್ಲು ಒಣಗಿದಾಗಲೂ ಅಲ್ಲಿ ಹಸಿರು ಇರುತ್ತದೆ. ನಮ್ಮ ತರಗತಿಯವರು ಅದರ ಸುತ್ತ ನಾಲ್ಕು ಗೂಟ ಬಡಿದಿದ್ದೇವೆ. ಪ್ರತಿ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಗುರುಗಳ ಸಂಗಡ ಹೋಗಿ ಅಲ್ಲಿಯ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ತರುತ್ತೇವೆ. ಬಾಟಲಿಗಳು ಏಳನೇ ತರಗತಿಯ ಕಿಟಕಿಯಲ್ಲಿ ಇವೆ, ತಾರೀಖು ಬರೆದಿದೆ. ಇಲ್ಲಿಯವರೆಗೆ ಮೂರು ಆಗಿವೆ, ಮೂರೂ ತಿಳಿ ಇವೆ. ಆದರೆ ಹಸಿ ಜಾಗ ಎರಡು ಗೂಟ ದಾಟಿದೆ. ಅದಕ್ಕೆ ಗುರುಗಳು ಪಂಚಾಯತಿಗೆ ಅರ್ಜಿ ಬರೆದಿದ್ದಾರೆ, ಕೆಳಗೆ ನಾವೆಲ್ಲರೂ ಸಹಿ ಮಾಡಿದ್ದೇವೆ. ಐದು ಮತ್ತು ಆರನೇ ತರಗತಿಯವರು ಬಾಟಲಿ ನೋಡಬಹುದು, ಅಲ್ಲಾಡಿಸಬೇಡಿರಿ. ಅಲ್ಲಾಡಿಸಿದರೆ ತಳದಲ್ಲಿ ಮಣ್ಣು ಕೂತಿದೆಯೋ ಇಲ್ಲವೋ ತಿಳಿಯುವುದಿಲ್ಲ.