ಡ್ರೋನ್ ಹಾರಾಟ: ನಿವೇಶನದ ಮೇಲಿನ ಆಕಾಶಕ್ಕೂ ಬಣ್ಣವುಂಟು

ಕಾರ್ಖಾನೆಗಾಗಿ ನಿವೇಶನ ಹುಡುಕುವ ಉದ್ಯಮಿಯು ವಿದ್ಯುತ್ ಸಂಪರ್ಕ, ನೀರು, ರಸ್ತೆ, ಭೂಪರಿವರ್ತನೆಯ ಆದೇಶ ಇವೆಲ್ಲವನ್ನೂ ವಿಚಾರಿಸುತ್ತಾನೆ. ಆ ನಿವೇಶನದ ಮೇಲಿನ ಆಕಾಶ ಯಾವ ಬಣ್ಣದ್ದು ಎಂದು ವಿಚಾರಿಸುವವರು ವಿರಳ. ಮದುವೆ ಮನೆಯ ಛಾಯಾಗ್ರಹಣದ ಮೂಲಕ ನಮ್ಮ ಪೇಟೆಗೆ ಪರಿಚಯವಾದ ಡ್ರೋನು ಇಂದು ಕ್ವಾರಿಗಳ ದಾಸ್ತಾನು ಅಳೆಯುವುದಕ್ಕೆ, ತಗಡಿನ ಚಾವಣಿ ಹಾಗೂ ಸೌರಫಲಕಗಳ ತಪಾಸಣೆಗೆ, ಹೊಲಗಳಲ್ಲಿ ಔಷಧ ಸಿಂಪಡಿಸುವುದಕ್ಕೆ, ಬಡಾವಣೆಗಳ ಮೋಜಣಿಗೆ ಬಳಕೆಯಾಗುತ್ತಿದೆ. ಆದುದರಿಂದ ಆಕಾಶದ ಬಣ್ಣದ ಪ್ರಶ್ನೆಯು ನೇರವಾಗಿ ಲಾಭನಷ್ಟದ ಲೆಕ್ಕಕ್ಕೆ ಸೇರಿದೆ. ಡ್ರೋನ್ ಸೇವೆಯನ್ನು ನೀಡುವವರು, ಪಡೆಯುವವರು ಮತ್ತು ಡ್ರೋನ್ ತಯಾರಿಕೆಗೆ ಕೈಹಾಕಿರುವ ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ವಾಯುಪ್ರದೇಶದ ನಿಯಮಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಅಕ್ಷರಗಳ ವರ್ಗ, ಬಣ್ಣಗಳ ವಲಯ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಾಯುಪ್ರದೇಶವನ್ನು 'ಎ'ಯಿಂದ 'ಜಿ'ವರೆಗೆ ಏಳು ವರ್ಗಗಳಾಗಿ ವಿಂಗಡಿಸಿದೆ. ಮೊದಲ ಐದು ನಿಯಂತ್ರಿತ ವರ್ಗಗಳು. ಕೊನೆಯ ಎರಡು ಅನಿಯಂತ್ರಿತ. 'ಎ' ವರ್ಗದಲ್ಲಿ ಉಪಕರಣಗಳ ಆಧಾರದಿಂದ ಹಾರುವ ವಿಮಾನಗಳಿಗೆ ಮಾತ್ರ ಪ್ರವೇಶ, 'ಜಿ' ವರ್ಗದಲ್ಲಿ ಬೇಕಾದವರಿಗೆ ಮಾಹಿತಿ ಸೇವೆ ಮಾತ್ರ ಲಭ್ಯ. ಅಮೆರಿಕದ ಡ್ರೋನ್ ಚಾಲಕನು ಈ ಅಕ್ಷರಗಳನ್ನೇ ಕಲಿಯಬೇಕು. ಅಲ್ಲಿ ಬಿ, ಸಿ, ಡಿ ವರ್ಗಗಳಲ್ಲಿಯೂ, ವಿಮಾನ ನಿಲ್ದಾಣಕ್ಕೆಂದು ನೆಲಮಟ್ಟದಿಂದಲೇ ಆರಂಭವಾಗುವ ಇ ವರ್ಗದಲ್ಲಿಯೂ ಪೂರ್ವಾನುಮತಿ ಅಗತ್ಯ. ಭಾರತವು ಡ್ರೋನ್ ಚಾಲಕನಿಗೆ ಈ ಶ್ರಮವನ್ನು ತಪ್ಪಿಸಿ, ರಸ್ತೆಯ ಸಂಕೇತದೀಪದಂತೆ ಹಸಿರು, ಹಳದಿ, ಕೆಂಪು ಎಂಬ ಮೂರು ವಲಯಗಳನ್ನು ಮಾಡಿದೆ. ಸರಳವಾದ ಏರ್ಪಾಡು ಇದು. ಆದರೆ ಸರಳವಾಗಿರುವುದರಿಂದಲೇ ಅರೆಬರೆ ಓದಿಗೆ ಅವಕಾಶವಾಗಿದೆ.

ಈ ಹಂತಕ್ಕೆ ಬರಲು ಏಳು ವರ್ಷ ಹಿಡಿಯಿತು. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿಯಮ ರೂಪುಗೊಳ್ಳುವವರೆಗೆ ನಾಗರಿಕರ ಡ್ರೋನ್ ಬಳಕೆಯನ್ನೇ ನಿಷೇಧಿಸಿತ್ತು. 2018ರ ಡಿಸೆಂಬರ್ 1ರಿಂದ ಮೊದಲ ನಿಯಮಾವಳಿ ಜಾರಿಗೆ ಬಂದಿತು. 2021ರ ಮಾರ್ಚ್‌ನಲ್ಲಿ ಬಂದ ಇನ್ನೊಂದು ನಿಯಮಾವಳಿಯು ಅರ್ಜಿ ನಮೂನೆಗಳ ಭಾರದಿಂದಲೇ ಟೀಕೆಗೆ ಗುರಿಯಾಗಿ, ಅದೇ ವರ್ಷ ಆಗಸ್ಟ್ 25ರಂದು ಅದರ ಸ್ಥಾನದಲ್ಲಿ 'ಡ್ರೋನ್ ನಿಯಮಗಳು, 2021' ಪ್ರಕಟವಾದವು. ನಮೂನೆಗಳು 25ರಿಂದ 5ಕ್ಕೆ, ಶುಲ್ಕದ ಬಗೆಗಳು 72ರಿಂದ 4ಕ್ಕೆ ಇಳಿದವು. ವಿಮಾನ ನಿಲ್ದಾಣದ ಸುತ್ತ 45 ಕಿಲೋಮೀಟರ್‌ವರೆಗೆ ಚಾಚಿದ್ದ ಹಳದಿ ವಲಯ 12 ಕಿಲೋಮೀಟರ್‌ಗೆ ಕುಗ್ಗಿತು. ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸ್ಕೈ ವೇದಿಕೆಯಲ್ಲಿ ಇಡೀ ದೇಶದ ವಾಯುಪ್ರದೇಶದ ನಕ್ಷೆ ಪ್ರಕಟಗೊಂಡಿತು.

ಮೂರು ಬಣ್ಣಗಳ ಅರ್ಥ

ಕೆಂಪು ಅಥವಾ ಹಳದಿ ಎಂದು ಗುರುತಿಸದ ಪ್ರದೇಶದಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್‌ವರೆಗಿನ ಆಕಾಶ ಹಸಿರು. ಇಲ್ಲಿ ಹಾರಾಟಕ್ಕೆ ಪ್ರತ್ಯೇಕ ಅನುಮತಿ ಬೇಡ. ಕಾರ್ಯಾಚರಣೆಯಲ್ಲಿರುವ ವಿಮಾನ ನಿಲ್ದಾಣದ ಆವರಣದ ಅಂಚಿನಿಂದ 8ರಿಂದ 12 ಕಿಲೋಮೀಟರ್‌ವರೆಗಿನ ಪಟ್ಟಿಯಲ್ಲಿ ಈ ಸೌಲಭ್ಯ 200 ಅಡಿ, ಅಂದರೆ 60 ಮೀಟರ್‌ಗೆ ಸೀಮಿತ. ಈ ಎರಡು ಮಿತಿಗಳನ್ನು ದಾಟಿದ ಕೂಡಲೇ ಅದೇ ನಿವೇಶನದ ಮೇಲಿನ ಆಕಾಶ ಹಳದಿಯಾಗುತ್ತದೆ. ಸಂಬಂಧಪಟ್ಟ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಅನುಮತಿಯಿಲ್ಲದೆ ಅಲ್ಲಿ ಹಾರುವಂತಿಲ್ಲ. 8 ಕಿಲೋಮೀಟರ್‌ಗಿಂತ ಹತ್ತಿರವಿರುವವರು ನೆಲಮಟ್ಟದಿಂದಲೇ ನಿರ್ಬಂಧವಿದೆಯೆಂದು ಭಾವಿಸಿ ನಕ್ಷೆ ತೆರೆಯುವುದು ಕ್ಷೇಮ. ಕೆಂಪು ವಲಯದಲ್ಲಿ ಕೇಂದ್ರ ಸರಕಾರದ ಅನುಮತಿ ಹೊರತು ಹಾರಾಟವೇ ಇಲ್ಲ.

ದೂರವನ್ನು ಅಳೆಯುವುದು ರಸ್ತೆಯ ಕಿಲೋಮೀಟರ್‌ನಲ್ಲಲ್ಲ, ಸರಳರೇಖೆಯಲ್ಲಿ. ಅದೂ ಟರ್ಮಿನಲ್ ಕಟ್ಟಡದಿಂದಲ್ಲ, ನಿಲ್ದಾಣದ ಆವರಣದ ಅಂಚಿನಿಂದ. ಬಸ್ಸಿನಲ್ಲಿ ಹದಿನೈದು ಕಿಲೋಮೀಟರ್ ಎನಿಸುವ ಸ್ಥಳ ಹತ್ತರೊಳಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಎತ್ತರದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮಿತಿಯನ್ನು ಲೆಕ್ಕ ಹಾಕುವುದು ನೆಲದಿಂದ, ಚಾವಣಿಯಿಂದಲ್ಲ. ಒಂದು ಉಗ್ರಾಣದ ಗೋಪುರವೋ ಹೊಗೆಕೊಳವೆಯೋ 45 ಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳೋಣ. 8ರಿಂದ 12 ಕಿಲೋಮೀಟರ್ ಪಟ್ಟಿಯಲ್ಲಿ ಅದರ ತುದಿಯ ಮೇಲೆ ಡ್ರೋನಿಗೆ ಉಳಿಯುವ ಹಸಿರು ಅವಕಾಶ ಕೇವಲ 15 ಮೀಟರ್. ತುದಿಯ ಸುತ್ತ ತಿರುಗಿ ಬಿರುಕು ನೋಡಲು ಇದು ಸಾಕಾದೀತು, ಇಡೀ ಆವರಣದ ವಿಹಂಗಮ ಚಿತ್ರಕ್ಕೆ ಸಾಲದು. ದರ ನಮೂದಿಸುವ ಮೊದಲೇ ಈ ವ್ಯವಕಲನ ಮಾಡಿಕೊಂಡರೆ ಮುಂದೆ ಗ್ರಾಹಕನೊಡನೆ ವಾಗ್ವಾದ ತಪ್ಪುತ್ತದೆ.

400 ಅಡಿ ಎಂಬುದು ಮನಸ್ಸಿಗೆ ಬಂದ ಅಂಕಿಯಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಕಣ್ಣಳತೆಯಲ್ಲಿ ಹಾರುವ ವಿಮಾನಗಳು ಜನವಸತಿಯಿಲ್ಲದ ಪ್ರದೇಶದಲ್ಲೂ ಸಾಮಾನ್ಯವಾಗಿ 500 ಅಡಿಗಿಂತ ಕೆಳಗೆ ಬರುವಂತಿಲ್ಲ. ನಡುವಿನ ನೂರು ಅಡಿ ಇಬ್ಬರಿಗೂ ಕಾಪು. ನಿಲ್ದಾಣದ ಬಳಿಯ ಲೆಕ್ಕ ಬೇರೆ. ಇಳಿಯುವ ವಿಮಾನವು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇಯ ತುದಿಯಿಂದ 8 ಕಿಲೋಮೀಟರ್ ದೂರದಲ್ಲಿ ಅದು ಸುಮಾರು 420 ಮೀಟರ್, 5 ಕಿಲೋಮೀಟರ್‌ನಲ್ಲಿ ಸುಮಾರು 260 ಮೀಟರ್, 2 ಕಿಲೋಮೀಟರ್‌ನಲ್ಲಿ ಸುಮಾರು 105 ಮೀಟರ್ ಎತ್ತರದಲ್ಲಿರುತ್ತದೆ. ಹಾಗಿದ್ದರೆ 10 ಕಿಲೋಮೀಟರ್ ದೂರದಲ್ಲಿ 60 ಮೀಟರ್ ಮಿತಿ ಏಕೆ ಎಂದು ಕೆಲವರು ಕೇಳುವುದುಂಟು. ಎಲ್ಲ ವಿಮಾನಗಳೂ ನೇರ ದಾರಿಯಲ್ಲೇ ಬರುವುದಿಲ್ಲ. ಹೆಲಿಕಾಪ್ಟರುಗಳು, ತರಬೇತಿ ವಿಮಾನಗಳು, ತುರ್ತಿನಲ್ಲಿ ತಗ್ಗಿ ಹಾರುವ ವಿಮಾನಗಳು ಇವೆ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದ ಬಳಿ ಡ್ರೋನು ಕಂಡಿತೆಂಬ ವರದಿಗಳಿಂದಲೇ ಸುಮಾರು ಸಾವಿರ ವಿಮಾನಗಳ ಸಂಚಾರ ಅಸ್ತವ್ಯಸ್ತಗೊಂಡು, 1 ಲಕ್ಷ 40 ಸಾವಿರ ಪ್ರಯಾಣಿಕರು ಪರದಾಡಿದರು. ಅಲ್ಲಿ ಡಿಕ್ಕಿ ಸಂಭವಿಸಿರಲಿಲ್ಲ. ಸಂಶಯವಷ್ಟೇ ಸಾಕಾಯಿತು.

ನಮ್ಮ ಕೈಗಾರಿಕಾ ವಸಾಹತುಗಳು

ಕರ್ನಾಟಕದ ಉದ್ಯಮಿಗಳಿಗೆ ಈ ವಿಷಯ ದೂರದ್ದಲ್ಲ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವೂ ಕೈಗಾರಿಕಾ ವಸಾಹತೂ ಒಂದೇ ಗೋಕುಲ ರಸ್ತೆಯಲ್ಲಿವೆ. ಮಂಗಳೂರಿನ ಬೈಕಂಪಾಡಿಯ ಉದ್ದಿಮೆದಾರನು ಬಜಪೆಯ ನಿಲ್ದಾಣವನ್ನಷ್ಟೇ ಅಲ್ಲ, ನವಮಂಗಳೂರು ಬಂದರು ಮತ್ತು ತೈಲ ಶುದ್ಧೀಕರಣ ಸ್ಥಾವರಗಳ ನೆರೆಯನ್ನೂ ಗಮನಕ್ಕೆ ತಂದುಕೊಳ್ಳಬೇಕು. ಬೆಂಗಳೂರಿನಲ್ಲಂತೂ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ವೃತ್ತದ ಮೇಲೆ ವೃತ್ತ. ಯಲಹಂಕ ಮತ್ತು ಬೀದರ್‌ಗಳು ವಾಯುಪಡೆಯ ನೆಲೆಗಳಾದುದರಿಂದ, ಹಳದಿ ವಲಯದ ಅನುಮತಿಗೆ ಯಾರ ಬಾಗಿಲು ತಟ್ಟಬೇಕೆಂಬುದು ಊರಿಂದೂರಿಗೆ ಬದಲಾಗುತ್ತದೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗದ ನಿಲ್ದಾಣವು ಅಲ್ಲಿಯವರೆಗೆ ಈ ಚಿಂತೆಯಿಲ್ಲದಿದ್ದ ಹಳ್ಳಿಗಳ ಮೇಲೂ ಮಿತಿಯನ್ನು ತಂದಿತು. ಹೊಸ ನಿಲ್ದಾಣ ಬಂದರೆ ಜಮೀನಿನ ಬೆಲೆ ಏರುವುದನ್ನು ಎಲ್ಲರೂ ಬಲ್ಲರು. ಆಕಾಶ ಕಿರಿದಾಗುವುದು ಕಣ್ಣಿಗೆ ಬೀಳುವುದಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಆಕಾಶದ ಸುರಕ್ಷತೆಯು ನೆಲದ ವ್ಯಾಪಾರವನ್ನು ತಟ್ಟುವುದು ಡ್ರೋನಿನಿಂದ ಮಾತ್ರವಲ್ಲ. 2025ರ ವೈಮಾನಿಕ ಪ್ರದರ್ಶನದ ನಿಮಿತ್ತ ಬೆಂಗಳೂರು ಮಹಾನಗರಪಾಲಿಕೆಯು ಜನವರಿ 23ರಿಂದ ಫೆಬ್ರವರಿ 17ರವರೆಗೆ ಯಲಹಂಕ ನೆಲೆಯ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೇ ನಿಲ್ಲಿಸಿತ್ತು. ತ್ಯಾಜ್ಯಕ್ಕೆ ಹದ್ದುಗಳು ಸೇರುತ್ತವೆ, ಹದ್ದುಗಳು ವಿಮಾನಕ್ಕೆ ಅಪಾಯ ಎಂಬುದು ಕಾರಣ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸಬೇಕು. ನಿಲ್ದಾಣಗಳ ಸುತ್ತ ಕಟ್ಟಡ, ಹೊಗೆಕೊಳವೆ, ಗೋಪುರಗಳ ಎತ್ತರಕ್ಕೆ ನಿರಾಕ್ಷೇಪಣಾ ಪತ್ರ ನೀಡಲು ವಿಮಾನ ನಿಲ್ದಾಣಗಳ ಪ್ರಾಧಿಕಾರವು ಸಿದ್ಧಪಡಿಸಿರುವ ಬಣ್ಣದ ನಕ್ಷೆಯೇ ಬೇರೆ, ಡ್ರೋನ್ ನಕ್ಷೆಯೇ ಬೇರೆ. ಒಂದರ ಬಣ್ಣವನ್ನು ಇನ್ನೊಂದಕ್ಕೆ ಅನ್ವಯಿಸಿಕೊಳ್ಳಬಾರದು.

ನಿನ್ನೆಯ ಹಸಿರು ಇಂದು ಕೆಂಪಾಗಬಹುದು

ರಾಜ್ಯ ಸರಕಾರ ಅಥವಾ ಪೊಲೀಸ್ ಇಲಾಖೆಯು ತುರ್ತು ಸಂದರ್ಭದಲ್ಲಿ ನಿರ್ದಿಷ್ಟ ಪ್ರದೇಶವನ್ನು ಸೀಮಿತ ಅವಧಿಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ಘೋಷಿಸುವ ಅಧಿಕಾರಿ ಪೊಲೀಸ್ ವರಿಷ್ಠಾಧಿಕಾರಿಗಿಂತ ಕೆಳಗಿನ ದರ್ಜೆಯವರಾಗಿರಬಾರದು. ಗಣ್ಯರ ಭೇಟಿ, ದೊಡ್ಡ ಜಾತ್ರೆ, ಚುನಾವಣಾ ಸಭೆಗಳು ಇದಕ್ಕೆ ಸಾಮಾನ್ಯ ಸಂದರ್ಭಗಳು. 2025ರ ಮೇ ತಿಂಗಳಿನ ಗಡಿ ಸಂಘರ್ಷದ ಕಾಲದಲ್ಲಿ ಮುಂಬಯಿ ಸೇರಿದಂತೆ ದೇಶದ ಹಲವೆಡೆ ಪೊಲೀಸರು ಡ್ರೋನ್ ಹಾರಾಟವನ್ನು ನಿಷೇಧಿಸಿದ್ದರು. ಆದುದರಿಂದಲೇ ಪ್ರತಿ ಹಾರಾಟಕ್ಕೂ ಮೊದಲು ವೇದಿಕೆಯಲ್ಲಿ ಆ ಸ್ಥಳದ ನಿರ್ಬಂಧಗಳನ್ನು ಪರಿಶೀಲಿಸುವುದು ಚಾಲಕನ ಕಡ್ಡಾಯ ಕರ್ತವ್ಯವೆಂದು ನಿಯಮ ಹೇಳುತ್ತದೆ. ಕಾರ್ಯಾದೇಶ ಪಡೆದ ದಿನದ ಪರಿಶೀಲನೆ ಹಾರಾಟದ ದಿನಕ್ಕೆ ಸಲ್ಲುವುದಿಲ್ಲ.

ಹಸಿರೆಂದರೆ ಎಲ್ಲಕ್ಕೂ ವಿನಾಯಿತಿಯೆಂದು ಬಗೆಯುವುದು ಇನ್ನೊಂದು ತಪ್ಪು ಗ್ರಹಿಕೆ. ಅಲ್ಲಿ ಬೇಡವಾಗಿರುವುದು ಹಾರಾಟದ ಅನುಮತಿ ಮಾತ್ರ. ಡ್ರೋನಿನ ನೋಂದಣಿ ಸಂಖ್ಯೆ, ಮಾದರಿಯ ಪ್ರಮಾಣಪತ್ರ, ಚಾಲಕನ ಪ್ರಮಾಣಪತ್ರ ಇವು ತೂಕ ಮತ್ತು ಉದ್ದೇಶಕ್ಕೆ ತಕ್ಕಂತೆ ಬೇಕೇಬೇಕು. 250 ಗ್ರಾಂ ಮೀರದ ನ್ಯಾನೊ ಡ್ರೋನಿಗೆ ಚಾಲಕ ಪ್ರಮಾಣಪತ್ರವೂ ತೃತೀಯ ವ್ಯಕ್ತಿ ವಿಮೆಯೂ ಬೇಡ; ವಲಯದ ನಿರ್ಬಂಧ ಮಾತ್ರ ಅದಕ್ಕೂ ತಪ್ಪದು. ಅದಕ್ಕಿಂತ ಮೇಲ್ಪಟ್ಟು 2 ಕಿಲೋವರೆಗಿನ ಮೈಕ್ರೊ ಡ್ರೋನಿಗೆ ಚಾಲಕ ಪ್ರಮಾಣಪತ್ರದ ವಿನಾಯಿತಿ ಇರುವುದು ವಾಣಿಜ್ಯೇತರ ಬಳಕೆಗೆ ಮಾತ್ರ. ಛಾಯಾಗ್ರಾಹಕರು ಬಳಸುವ ಬಹುಪಾಲು ಯಂತ್ರಗಳು ಈ ತೂಕದಲ್ಲೇ ಬರುತ್ತವೆ. ಹಣ ಪಡೆದು ಹಾರಿಸಿದ ಕ್ಷಣಕ್ಕೆ ವಿನಾಯಿತಿ ಮುಗಿಯಿತು.

ತಯಾರಕರಿಗೆ ಸಂಬಂಧಿಸಿದ್ದು

ಸಣ್ಣ ಉದ್ದಿಮೆದಾರರು ವಿಶೇಷವಾಗಿ ಗಮನಿಸಬೇಕಾದ ಉಪಬಂಧವೊಂದಿದೆ. ಸಂಶೋಧನೆ, ಅಭಿವೃದ್ಧಿ ಮತ್ತು ಪರೀಕ್ಷೆಗಾಗಿ ಹಾರಿಸುವಾಗ ಮಾನ್ಯತೆ ಪಡೆದ ನವೋದ್ಯಮಗಳಿಗೂ, ಜಿಎಸ್‌ಟಿ ಗುರುತಿನ ಸಂಖ್ಯೆ ಹೊಂದಿದ ಡ್ರೋನ್ ತಯಾರಕರಿಗೂ ಮಾದರಿ ಪ್ರಮಾಣಪತ್ರ, ನೋಂದಣಿ, ಪೂರ್ವಾನುಮತಿ, ಚಾಲಕ ಪ್ರಮಾಣಪತ್ರ ಈ ನಾಲ್ಕರಿಂದಲೂ ವಿನಾಯಿತಿಯುಂಟು. 2022ರ ಫೆಬ್ರವರಿ 9ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಸಿದ್ಧ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿ, ಬಿಡಿಭಾಗಗಳ ಆಮದನ್ನು ಮುಕ್ತವಾಗಿರಿಸಿದ ಬಳಿಕ ಇಲ್ಲಿಯೇ ಜೋಡಿಸಿ ಪರೀಕ್ಷಿಸಬಯಸುವವರಿಗೆ ಇದು ಅಮೂಲ್ಯ ಸೌಲಭ್ಯ. ಆದರೆ ಷರತ್ತೊಂದಿದೆ: ಪರೀಕ್ಷೆಯು ಹಸಿರು ವಲಯದಲ್ಲಿ, ತಯಾರಕನ ಸ್ವಂತ ಆವರಣದಲ್ಲಿ ಅಥವಾ ಅವನ ಹತೋಟಿಯಲ್ಲಿರುವ ಬಯಲಿನಲ್ಲಿ ನಡೆಯಬೇಕು.

ಇದರ ಫಲವನ್ನು ಯೋಚಿಸಿ ನೋಡಬೇಕು. ಒಂದೇ ಬಂಡವಾಳ, ಒಂದೇ ಯಂತ್ರೋಪಕರಣ. ಆದರೆ ಒಬ್ಬನ ಶೆಡ್ಡು ನಿಲ್ದಾಣದಿಂದ 9 ಕಿಲೋಮೀಟರ್, ಇನ್ನೊಬ್ಬನದು 6 ಕಿಲೋಮೀಟರ್. ಮೊದಲನೆಯವನು ಮುಂಜಾನೆ ಮೋಟಾರು ಬದಲಿಸಿ, ನಕ್ಷೆಯನ್ನೊಮ್ಮೆ ನೋಡಿ, ಮಧ್ಯಾಹ್ನ ಅಂಗಳದಲ್ಲೇ 60 ಮೀಟರ್‌ವರೆಗೆ ಹಾರಿಸಿ ನೋಡುತ್ತಾನೆ. ಎರಡನೆಯವನು ಪ್ರತಿ ಪರೀಕ್ಷೆಗೂ ಅನುಮತಿಗೆ ಕಾಯಬೇಕು, ಇಲ್ಲವೇ ದೂರದ ಬಯಲನ್ನು ಬಾಡಿಗೆಗೆ ಹಿಡಿದು ವಾಹನದಲ್ಲಿ ಸಾಗಿಸಬೇಕು. ವಿಮಾನ ನಿಲ್ದಾಣದ ಸಾಮೀಪ್ಯವು ದೊಡ್ಡ ವೈಮಾನಿಕ ಉದ್ಯಮಕ್ಕೆ ವರವಾದರೂ ಡ್ರೋನ್ ತಯಾರಕನಿಗೆ ತೊಡಕೇ ಸರಿ. ಬಾಡಿಗೆ ಕರಾರಿಗೆ ಮುಂಗಡ ಕೊಡುವ ಮೊದಲು ನಕ್ಷೆಯನ್ನು ನೋಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ದಂಡ ಮತ್ತು ಕರಾರು

2021ರ ನಿಯಮಗಳಲ್ಲಿ ಉಲ್ಲಂಘನೆಗೆ ಗರಿಷ್ಠ ದಂಡ 1 ಲಕ್ಷ ರೂಪಾಯಿ. ಇತರ ಕಾನೂನುಗಳಡಿಯ ಕ್ರಮ ಪ್ರತ್ಯೇಕ. ಈ ನಿಯಮಗಳಿಗೆ ಆಧಾರವಾಗಿದ್ದ 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡ್ರೋನುಗಳಿಗೆಂದೇ ಪ್ರತ್ಯೇಕ ಮಸೂದೆಯ ಕರಡನ್ನು ಸಚಿವಾಲಯವು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಆದುದರಿಂದ ದಂಡದ ಪ್ರಮಾಣವನ್ನು ಕರಾರಿನ ದಿನದಂದು ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು ಲೇಸು.

ಡ್ರೋನ್ ಸೇವೆ ಪಡೆಯುವ ಸದಸ್ಯರು ಕಾರ್ಯಾದೇಶದಲ್ಲಿ ಕೆಲವು ಮಾತುಗಳನ್ನು ಬರೆಸಿಕೊಳ್ಳಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಸ್ಥಳದ ವಲಯ ಯಾವುದು, ಅದನ್ನು ಯಾವ ದಿನಾಂಕದಂದು ನೋಡಲಾಯಿತು; ಹಳದಿಯಾದರೆ ಅನುಮತಿ ತರುವ ಹೊಣೆ ಯಾರದು; ಹಾರಾಟದ ದಿನ ತಾತ್ಕಾಲಿಕ ಕೆಂಪು ವಲಯ ಘೋಷಣೆಯಾದರೆ ಮುಂಗಡ ಹಿಂತಿರುಗುವುದೇ ಅಥವಾ ಮುಂದಿನ ದಿನಾಂಕಕ್ಕೆ ಸಲ್ಲುವುದೇ. ಚಾಲಕನ ಪ್ರಮಾಣಪತ್ರ, ಡ್ರೋನಿನ ನೋಂದಣಿ ಸಂಖ್ಯೆ ಹಾಗೂ ತೃತೀಯ ವ್ಯಕ್ತಿ ವಿಮೆಯ ಪ್ರತಿಗಳನ್ನು ಬಿಲ್ಲಿನೊಡನೆ ಕಡತದಲ್ಲಿರಿಸಬೇಕು. ಡ್ರೋನು ಪಕ್ಕದ ಶೆಡ್ಡಿನ ಚಾವಣಿಯ ಮೇಲೆ ಬಿದ್ದಾಗ ನೆರೆಯವರು ಮೊದಲು ಬರುವುದು ಚಾಲಕನ ಬಳಿಗಲ್ಲ, ಅವನನ್ನು ಕರೆಸಿದ ಕಾರ್ಖಾನೆಯ ಕಚೇರಿಗೆ; ಆಗ ಮೇಜಿನ ಮೇಲಿಡಲು ಈ ಕಾಗದಗಳು ಸಿದ್ಧವಿರಬೇಕು.