ಕನ್ನಂಬಾಡಿ ಹುಡುಕಿದರೆ ಕೆಆರ್‌ಎಸ್ ಸಿಗಬೇಕು

1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟತೊಡಗಿದ ಅಣೆಕಟ್ಟೆ ಹಳೆಯ ಬರಹಗಳಲ್ಲಿ ಕನ್ನಂಬಾಡಿ ಕಟ್ಟೆ. ಆಮೇಲೆ ಕೃಷ್ಣರಾಜ ಸಾಗರ. ಕೆಲವರು ಕೂಡಿಸಿ ಕೃಷ್ಣರಾಜಸಾಗರ ಎಂದು ಬರೆಯುತ್ತಾರೆ. ಇವತ್ತಿನ ಪತ್ರಿಕೆಯಲ್ಲಿ ಕೆಆರ್‌ಎಸ್. ಇವೆಲ್ಲ ಒಂದೇ ಎಂದು ಮಂಡ್ಯದ ಯಾವ ರೈತನಿಗೂ ಗೊತ್ತು, ಹುಡುಕುವ ತಂತ್ರಾಂಶಕ್ಕೆ ಮಾತ್ರ ನಾವೇ ಹೇಳಿಕೊಡಬೇಕು. ಹಳೆಯ ಕನ್ನಡ ನಿಯತಕಾಲಿಕೆಗಳ ಪಠ್ಯಸಂಗ್ರಹವೊಂದಕ್ಕೆ ಸರ್ಚ್ ವ್ಯವಸ್ಥೆ ಕಟ್ಟುವ ಕೆಲಸದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಕಲಿತದ್ದರಲ್ಲಿ ಬಹುಪಾಲು, ಒಂದು ಪದದ ಹೆಸರಿಗೂ ಎರಡು ಮೂರು ಪದಗಳ ಹೆಸರಿಗೂ ಸಂಬಂಧ ಕಟ್ಟುವುದು ಹೇಗೆ ಎಂಬುದರ ಸುತ್ತಲೇ ಇದೆ.

ನಾವು ಬಳಸಿದ್ದು ಸೋಲರ್ ಎಂಬ ಸರ್ಚ್ ತಂತ್ರಾಂಶ. ಅದರ ಒಳಗಿರುವುದು ಡಗ್ ಕಟಿಂಗ್ ಶುರುಮಾಡಿದ ಲೂಸೀನ್. ಅಂಥದೇ ಇನ್ನೊಂದು ತಂತ್ರಾಂಶವಾದ ಎಲಾಸ್ಟಿಕ್‌ಸರ್ಚ್‌ನ ಒಳಗೂ ಅದೇ ಇರುವುದರಿಂದ ಇಲ್ಲಿ ಹೇಳುವ ಬಹಳಷ್ಟು ಎರಡಕ್ಕೂ ಸಲ್ಲುತ್ತದೆ. ಲೂಸೀನ್ ಪಠ್ಯವನ್ನು ಟೋಕನ್‌ಗಳಾಗಿ, ಅಂದರೆ ಬಿಡಿ ಪದಗಳಾಗಿ ಒಡೆದು, ಪ್ರತಿ ಟೋಕನ್ನಿಗೂ ಒಂದು ಸ್ಥಾನದ ಸಂಖ್ಯೆ ಕೊಡುತ್ತದೆ. ಆಸ್ಪತ್ರೆ ಎಂದಿರುವ ಸ್ಥಾನದಲ್ಲೇ ದವಾಖಾನೆ ಎಂಬ ಇನ್ನೊಂದು ಟೋಕನ್ ಇಟ್ಟರೆ ಅವೆರಡೂ ಸಮಾನಾರ್ಥಕವಾದವು. ಒಂದಕ್ಕೆ ಒಂದು ಪದ ಇರುವಷ್ಟು ದಿನ ಇದರಲ್ಲಿ ತೊಡಕೇ ಇಲ್ಲ.

ಈಗ ಯಾರೋ 'ಕೆಆರ್‌ಎಸ್ ನೀರಿನ ಮಟ್ಟ' ಎಂದು ಹುಡುಕುತ್ತಾರೆ. ನಮ್ಮ ಪಟ್ಟಿಯಲ್ಲಿ ಕೆಆರ್‌ಎಸ್ ಮತ್ತು ಕೃಷ್ಣರಾಜ ಸಾಗರ ಸಮಾನ ಎಂದು ಬರೆದಿದೆ. ಲೂಸೀನ್‌ನ ಹಳೆಯ ಸಿನಾನಿಮ್ ಫಿಲ್ಟರ್ ಮೊದಲನೆಯ ಸ್ಥಾನದಲ್ಲಿ ಕೆಆರ್‌ಎಸ್ ಜೊತೆ ಕೃಷ್ಣರಾಜ ಇಡುತ್ತಿತ್ತು. ಸಾಗರ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಒಬ್ಬರ ಸೀಟಿಗೆ ಇಬ್ಬರು ಬಂದಾಗ ಎರಡನೆಯವರು ಪಕ್ಕದವರ ಸೀಟಿಗೆ ಸರಿಯುವ ಹಾಗೆ, ಸಾಗರ ಹೋಗಿ ನೀರಿನ ಎಂಬ ಪದದ ಸ್ಥಾನದಲ್ಲಿ ಕೂರುತ್ತಿತ್ತು. ಪದಗಳು ಸಾಲಾಗಿ ಬರಬೇಕು ಎಂದು ಕೇಳಿದರೆ 'ಕೃಷ್ಣರಾಜ ನೀರಿನ ಮಟ್ಟ' ಸರಿಹೊಂದುತ್ತದೆ, 'ಕೆಆರ್‌ಎಸ್ ಸಾಗರ ಮಟ್ಟ'ವೂ ಸರಿಹೊಂದುತ್ತದೆ. ನಮಗೆ ಬೇಕಾದ 'ಕೃಷ್ಣರಾಜ ಸಾಗರ ನೀರಿನ ಮಟ್ಟ' ಮಾತ್ರ ಹೊಂದುವುದಿಲ್ಲ. ಸಾಲಾಗಿ ಬೇಕೆಂದು ಕೇಳದೆ ಬಿಡಿಬಿಡಿಯಾಗಿ ಹುಡುಕಿದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಸುದ್ದಿಗಳೆಲ್ಲ ಫಲಿತಾಂಶದ ನಡುವೆ ಬಂದು ಕೂರುತ್ತವೆ.

ಟೋಕನ್‌ಗಳ ಸಾಲು ನಿಜವಾಗಿ ಕವಲೊಡೆಯಬಲ್ಲ ಜಾಲ ಎಂಬ ತಿಳಿವಳಿಕೆ 2012ರಲ್ಲಿ ಬಂದ ಲೂಸೀನ್ 3.6ರಲ್ಲಿ ರೂಪುಗೊಂಡಿತು. ಒಂದು ಟೋಕನ್ ಎಷ್ಟು ಸ್ಥಾನಗಳನ್ನು ದಾಟುತ್ತದೆ ಎಂಬ ಉದ್ದವನ್ನೂ ಅದರಿಂದ ಮುಂದೆ ದಾಖಲಿಸಬಹುದಾಯಿತು. ಅದನ್ನು ಸರಿಯಾಗಿ ಬಳಸುವ ಸಿನಾನಿಮ್ ಗ್ರಾಫ್ ಫಿಲ್ಟರ್ ಸೇರಿದ್ದು 2017ರ ಜನವರಿಯ 6.4ನೇ ಆವೃತ್ತಿಯಲ್ಲಿ. ಆದರೆ ಈ ಉದ್ದವನ್ನು ಇಂಡೆಕ್ಸ್ ಉಳಿಸಿಕೊಳ್ಳುವುದಿಲ್ಲ. ಇಂಡೆಕ್ಸ್ ಮಾಡುವಾಗ ಜಾಲವನ್ನು ಮತ್ತೆ ಚಪ್ಪಟೆ ಮಾಡಲೇಬೇಕು, ಆಗ ಹಳೆಯ ಗೊಂದಲ ಹಾಗೇ ಮರಳುತ್ತದೆ. ಒಂದು ಪದವನ್ನು ಹಲವು ಪದಗಳಾಗಿ ಹಿಗ್ಗಿಸುವ ನಿಯಮವನ್ನು ಪ್ರಶ್ನೆ ಬಂದ ಹೊತ್ತಿನಲ್ಲೇ ಅನ್ವಯಿಸಬೇಕು, ಇಂಡೆಕ್ಸಿನಲ್ಲಿ ಅಲ್ಲ ಎಂಬ ಕಟ್ಟುನಿಟ್ಟನ್ನು ನಾವು ಇಟ್ಟುಕೊಂಡದ್ದು ಇದಕ್ಕಾಗಿ. ಅದಕ್ಕೂ ಒಂದು ಶರತ್ತಿದೆ. ಸೋಲರ್‌ನ ಹಳೆಯ ಆವೃತ್ತಿಗಳು ಪ್ರಶ್ನೆಯನ್ನು ಸ್ಪೇಸ್ ಇದ್ದಲ್ಲೆಲ್ಲ ಮೊದಲೇ ಕತ್ತರಿಸಿಬಿಡುತ್ತಿದ್ದವು, ಹೀಗಾಗಿ ಫಿಲ್ಟರಿಗೆ ಕೃಷ್ಣರಾಜ ಮತ್ತು ಸಾಗರ ಎಂದೂ ಒಟ್ಟಿಗೆ ಕಾಣುತ್ತಿರಲಿಲ್ಲ. 6.5ರಲ್ಲಿ ಈ ಕತ್ತರಿಕೆಯನ್ನು ನಿಲ್ಲಿಸುವ ಆಯ್ಕೆ ಬಂತು, 7ರಿಂದ ಕತ್ತರಿಸದಿರುವುದೇ ರೂಢಿಯಾಯಿತು. ಹಳೆಯ ಸಂರಚನೆಯನ್ನು ಯಾರಿಂದಲೋ ಪಡೆದು ಮುಂದುವರಿಸುವವರು ಇದನ್ನು ಮೊದಲು ನೋಡಬೇಕು.

ಇಷ್ಟು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಲೇಖಕರ ಹೆಸರು. ಕುವೆಂಪು ಎಂದು ಒಂದು ಕಡೆ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಇನ್ನೊಂದು ಕಡೆ, ಕೆ. ವಿ. ಪುಟ್ಟಪ್ಪ ಎಂದು ಮಗದೊಂದು ಕಡೆ. ಲೂಸೀನ್‌ನ ಸ್ಟ್ಯಾಂಡರ್ಡ್ ಟೋಕನೈಜರ್ ಯುನಿಕೋಡ್ ಪದವಿಭಜನೆಯ ನಿಯಮಗಳನ್ನು ಪಾಲಿಸುತ್ತದೆ. ಆ ನಿಯಮದ ಪ್ರಕಾರ ಎರಡು ಅಕ್ಷರಗಳ ನಡುವೆ ಸ್ಪೇಸ್ ಇಲ್ಲದೆ ಬರುವ ಚುಕ್ಕಿ ಪದವನ್ನು ಒಡೆಯುವುದಿಲ್ಲ. ಆದ್ದರಿಂದ 'ಕೆ.ವಿ.ಪುಟ್ಟಪ್ಪ' ಒಂದೇ ಟೋಕನ್, ಚುಕ್ಕಿಯ ನಂತರ ಸ್ಪೇಸ್ ಬಿಟ್ಟು ಬರೆದರೆ ಮೂರು. ಪು.ತಿ.ನ., ಅ.ನ.ಕೃ., ತ.ರಾ.ಸು., ವಿ.ಸೀ. ಎಲ್ಲರದ್ದೂ ಇದೇ ಕಥೆ. ಅಚ್ಚಿನ ಮೊಳೆ ಜೋಡಿಸಿದವರು ಎಲ್ಲಿ ಜಾಗ ಬಿಟ್ಟಿದ್ದರು ಎಂಬುದರ ಮೇಲೆ ಒಬ್ಬ ಕವಿಯ ಲೇಖನಗಳು ಸಿಗುವುದೂ ಸಿಗದಿರುವುದೂ ನಿಂತಿರುವುದನ್ನು ನನ್ನಿಂದ ಒಪ್ಪಿಕೊಳ್ಳಲಾಗಲಿಲ್ಲ. ಟೋಕನೈಜರಿಗೂ ಮುನ್ನ, ಕನ್ನಡ ಅಕ್ಷರಗಳ ನಡುವಿನ ಚುಕ್ಕಿಯನ್ನು ಸ್ಪೇಸ್ ಮಾಡುವ ಒಂದು ಹಂತ ಸೇರಿಸಿದೆವು. ಕೆಆರ್‌ಎಸ್ ಎಂಬಲ್ಲಿ ರಕಾರಕ್ಕೂ ಎಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಚಿಹ್ನೆ ಇರುತ್ತದೆ, ಒಬ್ಬರು ಟೈಪಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಅದನ್ನೂ ಅದೇ ಹಂತದಲ್ಲಿ ತೆಗೆದೆವು.

ಇನ್ನೊಂದು ವ್ಯತ್ಯಾಸ ಎಲ್ಲೂ ಎದ್ದು ಕಾಣುವುದಿಲ್ಲ. ಎಲಾಸ್ಟಿಕ್‌ಸರ್ಚ್ ಪರ್ಯಾಯ ಪದಗಳ ಪಟ್ಟಿಯನ್ನೂ ಪಠ್ಯ ಹಾಯ್ದು ಬಂದ ಟೋಕನೈಜರ್, ಫಿಲ್ಟರ್‌ಗಳ ಮೂಲಕವೇ ಹಾಯಿಸುತ್ತದೆ. ಸೋಲರ್ ಬೇರೆ ಹೇಳದಿದ್ದರೆ ಆ ಪಟ್ಟಿಯನ್ನು ಸ್ಪೇಸ್ ನೋಡಿ ಒಡೆದು ಸುಮ್ಮನಾಗುತ್ತದೆ. ಪಟ್ಟಿಯಲ್ಲಿ 'ಕೆ. ವಿ. ಪುಟ್ಟಪ್ಪ' ಎಂದು ಚುಕ್ಕಿ ಸಹಿತ ಬರೆದರೆ, ಚುಕ್ಕಿ ಕಳಚಿದ ಟೋಕನ್‌ಗಳಿಗೆ ಅದು ಎಂದಿಗೂ ತಾಳೆಯಾಗದು. ವಿಭಕ್ತಿಯೂ ಹಾಗೆಯೇ. 'ಕೃಷ್ಣರಾಜ ಸಾಗರದಲ್ಲಿ' ಎಂಬಲ್ಲಿ ಪ್ರತ್ಯಯ ಕೊನೆಯ ಪದಕ್ಕೆ ಅಂಟಿಕೊಂಡಿರುವುದರಿಂದ, ಪ್ರತ್ಯಯ ಕಳಚುವ ಫಿಲ್ಟರ್ ಮೊದಲು ಇರಬೇಕು, ಪಟ್ಟಿಯೂ ಅದರ ಮೂಲಕ ಹಾದಿರಬೇಕು. ಸೋಲರ್‌ನ ಅನಾಲಿಸಿಸ್ ಪುಟದಲ್ಲಿ ಪ್ರತಿ ಹಂತದ ಟೋಕನ್, ಸ್ಥಾನ, ಉದ್ದ ಎಲ್ಲ ಕಾಣುತ್ತದೆ. ಫಲಿತಾಂಶ ನೋಡಿ ತಲೆ ಕೆರೆದುಕೊಳ್ಳುವ ಮೊದಲು ಆ ಪುಟ ತೆರೆಯುವುದನ್ನು ನಮ್ಮ ತಂಡದ ಹೊಸಬರಿಗೆಲ್ಲ ಮೊದಲ ಪಾಠವಾಗಿ ಹೇಳಿಕೊಟ್ಟೆವು.

ಹೆಸರುಗಳ ವಿಷಯದಲ್ಲಿ ಹಿಗ್ಗಿಸುವುದಕ್ಕಿಂತ ಕುಗ್ಗಿಸುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಫಲಿತಾಂಶ ಮೇಲೆ ಬರಬೇಕು ಎಂದು ಅಂಕ ಲೆಕ್ಕ ಹಾಕುವಾಗ ಲೂಸೀನ್ ಒಂದೇ ಸ್ಥಾನದ ಒಂಟಿ ಪರ್ಯಾಯಗಳನ್ನು ಒಂದೇ ಪದವೆಂದು ನೋಡುತ್ತದೆ. ಪದಗುಚ್ಛಕ್ಕೆ ಆ ಸೌಲಭ್ಯವಿಲ್ಲ, ಅದರೊಳಗಿನ ಒಂದೊಂದು ಪದದ ವಿರಳತೆಯೂ ಕೂಡಿ ಅಂಕ ಏರುತ್ತದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂದು ಒಮ್ಮೆ ಪೂರ್ತಿ ಹೆಸರು ಬರೆದ ಸಣ್ಣ ಟಿಪ್ಪಣಿಯೊಂದು, ಅಂಬಿಕಾತನಯದತ್ತರ ಕಾವ್ಯದ ಮೇಲಿನ ಲೇಖನವನ್ನು ಹಿಂದೆ ಹಾಕಬಹುದು. ಆದ್ದರಿಂದ ಇಂಡೆಕ್ಸಿನಲ್ಲೂ ಪ್ರಶ್ನೆಯಲ್ಲೂ ಎಲ್ಲ ರೂಪಗಳನ್ನು ಒಂದೇ ಟೋಕನ್ನಿಗೆ ಇಳಿಸಿದೆವು. ಇದಕ್ಕೆ ಬೆಲೆ ತೆರಲೇಬೇಕು: ನಿಯಮ ಬದಲಾದಾಗಲೆಲ್ಲ ಇಡೀ ಸಂಗ್ರಹವನ್ನು ಮತ್ತೆ ಇಂಡೆಕ್ಸ್ ಮಾಡಬೇಕು. ಬರೀ 'ಪುಟ್ಟಪ್ಪ' ಎಂದು ಹುಡುಕುವವರಿಗಾಗಿ ಮೂಲ ಪಠ್ಯವನ್ನು ಮುಟ್ಟದೆ ಇನ್ನೊಂದು ಫೀಲ್ಡಿನಲ್ಲಿ ಇಡಬೇಕು.

ಯಾವುದು ಯಾವುದಕ್ಕೆ ಸಮಾನ ಎಂಬುದನ್ನು ಎಂಜಿನಿಯರ್ ಒಬ್ಬರೇ ನಿರ್ಧರಿಸಬಾರದು. ಮಾಸ್ತಿ ಅವರು ಶ್ರೀನಿವಾಸ ಎಂಬ ಹೆಸರಿನಲ್ಲಿ ಬರೆದರು ನಿಜ, ಆದರೆ ಆ ನಿಯಮ ಲೇಖಕರ ಫೀಲ್ಡಿಗೆ ಮಾತ್ರ ಸಲ್ಲಬೇಕು. ಲೇಖನದ ಒಳಗೆ ಬರುವ ಶ್ರೀನಿವಾಸರೆಲ್ಲ ಮಾಸ್ತಿಯಲ್ಲ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಕರ್ನಾಟಕ ಎಂದು ಹುಡುಕಿದವರಿಗೆ ಮೈಸೂರು ರಾಜ್ಯದ ಲೇಖನಗಳೂ ಸಿಗಲಿ, ಆದರೆ ಮೈಸೂರು ರಾಜ್ಯ ಎಂದು ಹುಡುಕುವ ಸಂಶೋಧಕರಿಗೆ ಆ ಕಾಲವೇ ಬೇಕಾಗಿರುತ್ತದೆ. ಹಾಗಾಗಿ ಆ ನಿಯಮವನ್ನು ಒಮ್ಮುಖವಾಗಿ ಬರೆದೆವು. ಇಂಥ ತೀರ್ಮಾನಗಳನ್ನು ನಮ್ಮಲ್ಲಿ ಗ್ರಂಥಪಾಲಕರು ಮಾಡಿದರು. ಏನೂ ಸಿಗದೆ ಹೋದ ಹುಡುಕಾಟಗಳ ಪಟ್ಟಿಯನ್ನು ಪ್ರತಿ ವಾರ ಅವರ ಮುಂದಿಡುತ್ತಿದ್ದೆ, ಅವರು ಓದಿ ಗುರುತು ಹಾಕಿದ್ದನ್ನು ನಾವು ನಿಯಮವಾಗಿ ಬರೆಯುತ್ತಿದ್ದೆವು.